ಒಂದು ಹನಿಯೂ ಒಳಗೆ ಬರಬಾರದು

ಕೆಲವರಿಗೆ ದಾರಿಯಲ್ಲಿ ಹಳೆಯ ಗೆಳತಿಯರು ಸಿಗುತ್ತಾರೆ. ನನಗೆ ಫಜೀತಿಗಳು ಸಿಗುತ್ತವೆ. ವರ್ಷದುದ್ದಕ್ಕೂ ಒಂದೊಂದಾಗಿ ಸಿಗುವ ಇವು ಜೂನ್ ತಿಂಗಳು ಬಂತೆಂದರೆ ಸಾಲುಗಟ್ಟಿ ನಿಂತು ನನ್ನ ಹೆಸರು ಹಿಡಿದು ಕರೆಯುತ್ತವೆ.

ನಾನು ಫಿಜಿಯೋಥೆರಪಿಸ್ಟ್. ಹುಟ್ಟಿದ್ದು ಧಾರವಾಡ, ಮದುವೆಯಾಗಿ ಬಂದದ್ದು ಪುಣೆ, ಮನೆ ಕಾತ್ರಜದಲ್ಲಿ. ಮೊಣಕಾಲು ಆಪರೇಷನ್ ಆದವರು, ಭುಜ ಹಿಡಿದುಕೊಂಡವರು, ಪಾರ್ಶ್ವವಾಯು ಬಡಿದವರು, ಇಂಥವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ನಮ್ಮ ಯಜಮಾನರು ಕಂಪನಿ ಬಸ್ಸಿನಲ್ಲಿ ಹೋಗತೊಡಗಿದ ಮೇಲೆ ಅವರ ಮೋಟರ್‌ಸೈಕಲ್ ನನ್ನ ಪಾಲಿಗೆ ಬಂತು. ಅದರ ಮೇಲೆ ದಿನಕ್ಕೆ ಐದಾರು ಮನೆ ಸುತ್ತುತ್ತೇನೆ. ಉಳಿದವರು ಮಳೆಯಲ್ಲಿ ತೊಯ್ದರೆ ಆಫೀಸಿಗೆ ಹೋಗಿ ಫ್ಯಾನಿನ ಕೆಳಗೆ ಕೂತುಬಿಡಬಹುದು. ನಾನು ಹಾಗೆ ಮಾಡುವಂತಿಲ್ಲ. ಒದ್ದೆ ತಣ್ಣನೆ ಕೈಯಿಂದ ಎಪ್ಪತ್ತು ದಾಟಿದವರ ಮೊಣಕಾಲು ಮುಟ್ಟಿ ನೋಡಿ, ಅವರು ಕೂಗುವ ಕೂಗಿಗೆ ಪಕ್ಕದ ಮನೆಯವರು ಓಡಿ ಬರುತ್ತಾರೆ.

ಹೋದ ಮಳೆಗಾಲದವರೆಗೂ ಹೇಗೋ ನಡೆದಿತ್ತು. ಆಮೇಲೆ ಅಜ್ಜಿಯ ಗೌನಿನ ಪ್ರಸಂಗ ಆಯಿತು.

ಅಜ್ಜಿಯ ಗೌನು

ಮಗರಪಟ್ಟಾ ಬಡಾವಣೆಯಲ್ಲಿ ನನ್ನ ಒಬ್ಬ ಪೇಶಂಟ್, ಬೆಳಗಾವಿ ಕಡೆಯ ಅಜ್ಜಿ. ಬಲಭುಜ ಹಿಡಿದುಕೊಂಡು ಕೈ ಮೇಲೆ ಏಳುತ್ತಿರಲಿಲ್ಲ. ಆವತ್ತು ನಾನು ಅವರ ಮನೆ ಮುಟ್ಟುವಷ್ಟರಲ್ಲಿ ನನ್ನ ಹಳೆಯ ರೇನ್‌ಕೋಟು ಮಳೆಯನ್ನು ತಡೆಯುವುದನ್ನು ಬಿಟ್ಟು ಶೇಖರಿಸಿ ಇಡತೊಡಗಿತ್ತು. ಅದನ್ನು ಬಿಚ್ಚಿದರೆ ತೋಳಿನಿಂದ ಒಂದು ತಂಬಿಗೆ ನೀರು ಸುರಿಯಿತು.

ಅಜ್ಜಿ ನೋಡಿದವರೇ, "ಅಯ್ಯ ನಮ್ಮವ್ವ! ಹಿಂಗ ತೊಯ್ಸಿಕೊಂಡು ನನ್ನ ಮುಟ್ಟಬ್ಯಾಡ. ಮೊದಲ ಆ ಅರಿಬಿ ಬದಲಿ ಮಾಡು," ಅಂತ ತಮ್ಮ ದೊಡ್ಡ ಹೂವಿನ ಗೌನು ತಂದು ಕೊಟ್ಟರು. ಬೇರೆ ದಾರಿ ಇರಲಿಲ್ಲ, ಹಾಕಿಕೊಂಡೆ. ಅವರು ತೊಟ್ಟಿದ್ದೂ ಅದೇ ಹೂವಿನ ಗೌನೇ. ಒಂದೇ ತಾನಿನಲ್ಲಿ ಎರಡು ಹೊಲಿಸಿದ್ದರಂತೆ.

ಭುಜಕ್ಕೆ ಒಂದು ವ್ಯಾಯಾಮ ಇದೆ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಹಲ್ಲಿಯ ಹಾಗೆ ಒಂದೊಂದೇ ಇಂಚು ಮೇಲೆ ಹತ್ತಿಸಬೇಕು. ನಾನು ತೋರಿಸುತ್ತಿದ್ದೆ, ಅಜ್ಜಿ ಪಕ್ಕದಲ್ಲಿ ನಿಂತು ಮಾಡುತ್ತಿದ್ದರು. ಆಗ ಬಾಗಿಲು ತೆರೆಯಿತು. ಅವರ ಮೊಮ್ಮಗಳನ್ನು ನೋಡಲು ವರನ ಕಡೆಯವರು ಬಂದಿದ್ದರು. ಸಂಜೆ ಬರಬೇಕಾದವರು, ಮಳೆ ಜೋರಾದೀತೆಂದು ಮಧ್ಯಾಹ್ನವೇ ಬಂದುಬಿಟ್ಟಿದ್ದರು. ಒಂದೇ ಥರದ ಗೌನು ತೊಟ್ಟ ಇಬ್ಬರು ಹೆಂಗಸರು ಬೆನ್ನು ತಿರುಗಿಸಿ, "ಮ್ಯಾಲ, ಇನ್ನೂ ಮ್ಯಾಲ," ಎನ್ನುತ್ತ ಗೋಡೆ ಕೆರೆಯುವುದನ್ನು ಆರು ಜನ ಬಾಗಿಲಲ್ಲಿ ನಿಂತು ನೋಡಿದರು.

ನಾನು ಅಡುಗೆಮನೆಗೆ ಓಡಿದೆ. ಸಂಬಂಧವೇನೋ ಕುದುರಿತು. ಆದರೆ ಹೊರಡುವಾಗ ವರನ ತಾಯಿ ಹುಡುಗಿಯ ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು:

"ಹುಡುಗಿ ಭಾಳ ಛಲೋ ಇದ್ದಾಳ್ರಿ. ಆದ್ರ ಈ ಗ್ವಾಡಿ ಹತ್ತೂದು ನಿಮ್ಮ ಮನಿತನದಾಗ ಎಲ್ಲಾರಿಗೂ ಅದ ಏನು?"

ಅಂದೇ ಮನೆಗೆ ಬಂದು ಯಜಮಾನರ ಮುಂದೆ ಶಪಥ ಮಾಡಿದೆ. ಏನೇ ಆಗಲಿ, ಈ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಬಾರದು.

ಹಿಂದಿನ ಸೀಟು

"ಅದಕ್ಕೇನು, ಪೊಂಚೊ ತಗೋ," ಅಂದರು ಯಜಮಾನರು. ಪೊಂಚೊ ಅಂದರೆ ನಡುವೆ ತಲೆ ತೂರಿಸಲು ಒಂದು ತೂತು ಇರುವ ದೊಡ್ಡ ಪ್ಲಾಸ್ಟಿಕ್ ಹಾಳೆ. ಮುಂದೆ ಹ್ಯಾಂಡಲ್‌ವರೆಗೆ ಬರುತ್ತದೆ, ಹಿಂದೆ ಸೀಟನ್ನೆಲ್ಲ ಮುಚ್ಚುತ್ತದೆ. ಅವರು ಮೋಟರ್‌ಸೈಕಲ್ ಬಿಟ್ಟವರು. ಸಲಹೆ ಕೊಡುವುದನ್ನು ಬಿಟ್ಟಿಲ್ಲ.

ಮೊದಲನೆಯ ದಿನವೇ ಅದನ್ನು ಹಾಕಿಕೊಂಡು ಸ್ವಾರಗೇಟ್ ಕಡೆ ಹೊರಟೆ. ಸಿಗ್ನಲ್ಲಿನಲ್ಲಿ ನಿಂತಿದ್ದೆ. ಗಾಡಿ ಒಮ್ಮೆ ಕೆಳಗೆ ಕುಸಿದಂತಾಯಿತು. ಹಿಂದೆ ಪ್ಲಾಸ್ಟಿಕ್ ಪರಪರ ಅಂದಿತು. ಆಮೇಲೆ ಪೊಂಚೊದ ಒಳಗಿನಿಂದ ಒಂದು ಮುದಿ ಗಂಡು ಧ್ವನಿ ಮರಾಠಿಯಲ್ಲಿ ಹೇಳಿತು: "ನಾಲ್ಕು, ಏಳು, ಏಳು, ಎರಡು."

"ಯಾರದು?"

"ಅಹೋ, ಓಟಿಪಿ! ನಾಲ್ಕು, ಏಳು, ಏಳು, ಎರಡು. ನಡೀರಿ, ಸ್ವಾರಗೇಟ್. ನನ್ನ ಬಸ್ಸು ತಪ್ಪುತ್ತದೆ."

ಬೈಕ್ ಟ್ಯಾಕ್ಸಿ ಕರೆಸಿದ್ದ ಒಬ್ಬ ಕಾಕಾ, ಮಳೆಯಲ್ಲಿ ನಂಬರ್ ಪ್ಲೇಟು ಕಾಣದೆ ನನ್ನ ಹಿಂದೆ ಏರಿ, ಉಳಿದ ಪೊಂಚೊ ಎಳೆದು ತಲೆ ಮೇಲೆ ಹೊದ್ದುಕೊಂಡು ಬೆಚ್ಚಗೆ ಕೂತಿದ್ದರು. ನಾನು ತಿರುಗಿ ಹೇಳಬೇಕೆಂದರೆ ಅವರು ಹಾಳೆ ಎಳೆದ ರಭಸಕ್ಕೆ ಕುತ್ತಿಗೆಯ ತೂತು ನನ್ನ ಗಂಟಲನ್ನು ಹಿಡಿದುಕೊಂಡಿತ್ತು. ಅಷ್ಟರಲ್ಲಿ ಹಸಿರು ದೀಪ ಬಿತ್ತು, ಹಿಂದಿನವರೆಲ್ಲ ಹಾರ್ನ್ ಹೊಡೆದರು. ಹೇಗೂ ನನ್ನ ದಾರಿಯೇ, ಮುದುಕರು ಬೇರೆ ಅಂತ ಹೊರಟೇಬಿಟ್ಟೆ. ದಾರಿಯುದ್ದಕ್ಕೂ ಅವರ ಫೋನಿಗೆ ನಿಜವಾದ ಟ್ಯಾಕ್ಸಿಯವನು ಕರೆ ಮಾಡುತ್ತಿದ್ದ. ಅವನು, "ನಾನು ಇಲ್ಲೇ ನಿಂತಿದ್ದೇನೆ, ನೀವೆಲ್ಲಿ?" ಅನ್ನುವುದು, ಇವರು, "ಸುಳ್ಳು ಹೇಳಬೇಡ, ನಾನು ನಿನ್ನ ಹಿಂದೆಯೇ ಕೂತಿದ್ದೇನೆ!" ಅನ್ನುವುದು.

ಸ್ವಾರಗೇಟಿನಲ್ಲಿ ಇಳಿದು ನೋಡಿದರೆ ಕಾಕಾ ಪೂರಾ ಒಣಗಿದ್ದಾರೆ. ಅವರು ಎಳೆದುಕೊಂಡ ಹಾಳೆಯಷ್ಟು ನನಗೆ ಕಡಿಮೆಯಾಗಿ, ನಾನು ಎದೆಯಿಂದ ಮೊಣಕಾಲಿನವರೆಗೆ ತೊಯ್ದಿದ್ದೇನೆ. ನಾನು ಹೆಲ್ಮೆಟ್ ತೆಗೆದು ವಿಷಯ ಹೇಳಿದೆ. ಅವರು ಗಾಬರಿಯಾಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟರು:

"ಗಾಡಿ ಚೆನ್ನಾಗಿ ಓಡಿಸುತ್ತೀ ಮಗಳೇ. ಆದರೆ ಈ ರೇನ್‌ಕೋಟು ಒಬ್ಬರಿಗೇ ಸಾಲುತ್ತದೆ, ಹಿಂದೆ ಕೂತವರಿಗೆ."

ಅಂಗಡಿಯ ಬೋರ್ಡು

ಪೊಂಚೊವನ್ನು ಹೂಕುಂಡಗಳ ಕೆಳಗೆ ಹಾಸಿ, ಹಳೆಯ ಪೇಟೆಯ ಒಂದು ರೇನ್‌ಕೋಟಿನ ಅಂಗಡಿಗೆ ಹೋದೆ. ಮಾಲೀಕರು ಅರವತ್ತೈದರ ಇನ್ನೊಬ್ಬ ಕಾಕಾ. ಮಾತಿಗಿಂತ ಬೋರ್ಡುಗಳ ಮೇಲೆ ಹೆಚ್ಚು ನಂಬಿಕೆ. 'ಒಂದರಿಂದ ನಾಲ್ಕು ಅಂಗಡಿ ಬಂದ್. ಮಳೆ ಬಂದರೂ ಬಂದ್.' ಅದರ ಪಕ್ಕ, 'ಒಮ್ಮೆ ಒದ್ದೆಯಾದ ಮಾಲು ವಾಪಸ್ ಇಲ್ಲ.'

"ಇದು ನೀರು ಬಿಡುವುದಿಲ್ಲವಷ್ಟೆ? ಪರೀಕ್ಷೆ ಮಾಡಲೇ?" ಒಂದು ಕೋಟು ಎತ್ತಿ ಹಿಡಿದು ಕೇಳಿದೆ.

ನಾನು ತೊಟ್ಟು ನೋಡುತ್ತೇನೆ ಅಂದುಕೊಂಡರೇನೋ, "ಮಾಡಿ, ಮಾಡಿ," ಅಂದರು. ನಾನು ಚೀಲದಿಂದ ನೀರಿನ ಬಾಟಲಿ ತೆಗೆದು, ಕೋಟಿನ ತೋಳನ್ನು ಜೋಳಿಗೆಯ ಹಾಗೆ ಹಿಡಿದು, ಒಳಗೆ ಅರ್ಧ ಬಾಟಲಿ ಸುರಿದೆ. ಬಟ್ಟೆ ಗಟ್ಟಿಯಾಗಿತ್ತು. ಹೊಲಿಗೆ ಮಾತ್ರ ತೊಟ್ ತೊಟ್ ಅಂದಿತು.

ಕಾಕಾ ಕನ್ನಡಕ ತೆಗೆದರು. "ತಾಯಿ, ಇದು ಮಳೆಗೆ ಮಾಡಿದ ಕೋಟು. ಬಾಟಲಿಗೆ ಮಾಡಿದ್ದಲ್ಲ."

"ಮಳೆಯೂ ನೀರೇ ಅಲ್ಲವೇ?"

"ಮಳೆ ಮೇಲಿಂದ ಬರುತ್ತದೆ. ನೀವು ಒಳಗಿಂದ ಹಾಕುತ್ತಿದ್ದೀರಿ. ಒಳಗೆ ಮಳೆ ಬರುವವರಿಗೆ ನನ್ನ ಹತ್ತಿರ ಮಾಲಿಲ್ಲ."

ನಾನು ಬಿಡಲಿಲ್ಲ. ಎರಡನೆಯದು ಸೋರಿತು, ಮೂರನೆಯದೂ ಸೋರಿತು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಗಡಿಯಾರ ಒಂದು ಹೊಡೆಯಿತು. ಕಾಕಾ ನನ್ನ ಕೈಯಿಂದ ಕೋಟು ಬಿಡಿಸಿಕೊಂಡು, ಅರ್ಧ ಷಟರ್ ಎಳೆದು, ನನ್ನನ್ನು ಬಗ್ಗಿಸಿ ಹೊರಗೆ ಕಳಿಸಿದರು.

ಮುಂದಿನ ವಾರ ಅದೇ ರಸ್ತೆಯಲ್ಲಿ ಹೋಗುವಾಗ ನೋಡಿದೆ. ಮೂರನೆಯ ಬೋರ್ಡು ಬಂದಿತ್ತು, ಬಣ್ಣ ಇನ್ನೂ ಹಸಿ: 'ದಯವಿಟ್ಟು ರೇನ್‌ಕೋಟಿಗೆ ನೀರು ತಾಗಿಸಬಾರದು.'

ಸಂಶೋಧಕ

ಕುತ್ತಿಗೆ ನೋವಿಗೆಂದು ನನ್ನನ್ನು ಮನೆಗೆ ಕರೆಸುವ ಒಬ್ಬ ಹುಡುಗ ಇದ್ದಾನೆ, ಮೈಸೂರು ಕಡೆಯವನು, ಐಟಿ ಕೆಲಸ. ಅವನ ಮುಂದೆ ನನ್ನ ಗೋಳು ಹೇಳಿಕೊಂಡೆ. ನೋಯುವ ಕುತ್ತಿಗೆ ನೆಟ್ಟಗಾಯಿತು.

"ಮೇಡಮ್, ಮೊದಲೇ ನನ್ನ ಕೇಳ್ಬೇಕಿತ್ತು. ನೋಡಿ, ಹೊಲಿಗೆ ಇರೋ ಕಡೆಯೆಲ್ಲಾ ಒಳಗಿಂದ ಟೇಪ್ ಅಂಟಿಸಿರ್ಬೇಕು. ಅದಿಲ್ದೆ ಏನೂ ಪ್ರಯೋಜನ ಇಲ್ಲ. ಜಿಪ್ ಮೇಲೆ ಡಬಲ್ ಪಟ್ಟಿ. ಪ್ಯಾಂಟು, ಜಾಕೆಟ್ ಬೇರೆ ಬೇರೆ. ಸೈಜ್ ಒಂದು ದೊಡ್ದು, ಒಳಗೆ ಬಟ್ಟೆ ಇರುತ್ತಲ್ಲ. ಆಮೇಲೆ ಬ್ಲ್ಯಾಕ್ ಮಾತ್ರ ಬೇಡ ಮೇಡಮ್, ಮಳೇಲಿ ಟ್ರಕ್‌ನವ್ರಿಗೆ ನೀವು ಕಾಣ್ಸೋದೇ ಇಲ್ಲ. ಆರೆಂಜ್ ತಗೊಳ್ಳಿ, ರಿಫ್ಲೆಕ್ಟರ್ ಪಟ್ಟಿ ಇರೋದು."

ಲ್ಯಾಪ್‌ಟಾಪ್ ತೆಗೆದು ತೋರಿಸಿದ. ಅರವತ್ತು ಬಗೆಯ ರೇನ್‌ಸೂಟುಗಳ ಪಟ್ಟಿ. ಪ್ರತಿಯೊಂದರ ಮುಂದೆ ಬಟ್ಟೆ, ತೂಕ, ಜಿಪ್ಪು, ಜನ ಬರೆದ ಅಭಿಪ್ರಾಯ, ಅದಕ್ಕೆ ಇವನ ಅಭಿಪ್ರಾಯ. ನನಗೆ ನಿಜಕ್ಕೂ ಗೌರವ ಹುಟ್ಟಿತು. ಈ ಊರಿನಲ್ಲಿ ನನ್ನಷ್ಟೇ ಛಲದವನೊಬ್ಬ ಇದ್ದಾನಲ್ಲ ಅಂತ ಖುಷಿಯಾಗಿ ಅವನು ಹೇಳಿದ ಕಿತ್ತಳೆ ಬಣ್ಣದ್ದನ್ನು ಅಲ್ಲೇ ಆರ್ಡರ್ ಮಾಡಿದೆ.

"ಎಷ್ಟು ದಿನದಿಂದ ಹುಡುಕಿದ್ದಪ್ಪ ಇದೆಲ್ಲ?"

"ಎರಡು ಮಳೆಗಾಲ ಆಯ್ತು ಮೇಡಮ್. ದಿನಾ ಎರಡು ಗಂಟೆ ಸ್ಕ್ರೀನ್ ಮುಂದೆ ಬಗ್ಗಿ ಕೂತು ಮಾಡಿದ್ದು. ಈ ಕುತ್ತಿಗೆ ಹಿಡ್ಕೊಂಡಿದ್ದೇ ಅದ್ರಿಂದ."

"ನೀನು ಯಾವುದು ತಗೊಂಡಿ?"

ಹುಡುಗ ಮೊದಲ ಸಲ ನಾಚಿದ. "ಇನ್ನೂ ಡಿಸೈಡ್ ಆಗಿಲ್ಲ ಮೇಡಮ್. ಅಲ್ಲೀವರೆಗೂ ಮಳೆ ಬಂದ್ರೆ ಛತ್ರಿ ಹಿಡ್ಕೊಂಡು ಬಸ್‌ಗೆ ಹೋಗ್ತೀನಿ."

ಸ್ನಾನದ ಪರೀಕ್ಷೆ

ಸೂಟು ಬಂತು. ಬಣ್ಣ ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ, ನಡೆಯುವ ಗ್ಯಾಸ್ ಸಿಲಿಂಡರಿನಂತೆ ಕಂಡೆ. ಆದರೆ ರಸ್ತೆಗಿಳಿಸುವ ಮೊದಲು ಪರೀಕ್ಷೆ ಆಗಲೇಬೇಕಿತ್ತು. ಆಕಾಶ ಆವತ್ತು ಸ್ವಚ್ಛವಾಗಿತ್ತು. ಬೇಕೆಂದಾಗ ಪುಣೆಯ ಮಳೆ ಬರುವುದೇ ಇಲ್ಲ.

ಜಾಕೆಟ್, ಪ್ಯಾಂಟು, ಗ್ಲೌಸು, ಮೊಣಕಾಲುದ್ದದ ಗಮ್‌ಬೂಟು, ಮೇಲೆ ಹೆಲ್ಮೆಟ್ಟು, ಎಲ್ಲ ತೊಟ್ಟು ಬಚ್ಚಲಿಗೆ ಹೋಗಿ ಶವರ್ ಪೂರ್ತಿ ತಿರುಗಿಸಿ ಕೆಳಗೆ ನಿಂತೆ. ಗಾಡಿ ಮೇಲೆ ಕೂತ ಹಾಗಿರಲಿ ಅಂತ ಒಂದು ಸ್ಟೂಲು ಹಾಕಿ ಕೂತು, ಎರಡೂ ಕೈ ಮುಂದೆ ಚಾಚಿದೆ. ಬಾಗಿಲ ಚಿಲಕ ಹಾಕುವುದನ್ನು ಮರೆತಿದ್ದೆ.

ನಮ್ಮ ಅತ್ತೆ ಟವೆಲು ಒಣಗಿಸಲು ಬಂದವರು ಬಾಗಿಲು ತೆರೆದು ನಿಂತುಬಿಟ್ಟರು. ಹೆಲ್ಮೆಟ್ ಹಾಕಿಕೊಂಡ ಸೊಸೆ ಶವರಿನ ಕೆಳಗೆ ಇಲ್ಲದ ಹ್ಯಾಂಡಲ್ ಹಿಡಿದು ಕೂತಿದ್ದಾಳೆ. ಸ್ವಲ್ಪ ಹೊತ್ತು ನೋಡಿ, ನೀರು ಬಂದ್ ಮಾಡಿ, ಶಾಂತವಾಗಿ ಕೇಳಿದರು: "ಎಲ್ಲಿಗೆ ಹೊಂಟೀಯವಾ?"

ನಾನು ಎದ್ದು ವಿವರಿಸಿದೆ. ಒಳಗೆಲ್ಲ ಒಣಗಿತ್ತು, ಪಾದ ಬಿಟ್ಟು. ಎರಡೂ ಬೂಟಿನಲ್ಲಿ ನೀರು ತುಂಬಿ ಪಚ್ ಪಚ್ ಅನ್ನುತ್ತಿತ್ತು. ಇಷ್ಟೆಲ್ಲ ಮಾಡಿಯೂ ಸೋತೆನಲ್ಲ ಅಂತ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅತ್ತೆ ನನ್ನ ಕಾಲ ಕಡೆ ನೋಡಿದರು. "ಪ್ಯಾಂಟ್ ಬೂಟಿನ ಒಳಗ ತುರುಕೀದಿ. ಮ್ಯಾಲ ಬಿದ್ದ ನೀರು ಇಳಕೋತ ಎಲ್ಲಿ ಹೋಗಬೇಕು? ಹಂಚು ಹ್ಯಾಂಗ ಹೊಚ್ಚತಾರ, ನೋಡಿಲ್ಲೇನು? ಮ್ಯಾಲಿಂದು ಕೆಳಗಿಂದರ ಮ್ಯಾಲ ಬರಬೇಕು." ಕೆಳಗೆ ಕೂತು ಪ್ಯಾಂಟಿನ ಕಾಲನ್ನು ಬೂಟಿನ ಹೊರಗೆ ಎಳೆದು, ಗ್ಲೌಸಿನ ಬಾಯನ್ನು ತೋಳಿನ ಒಳಗೆ ಸೇರಿಸಿ, ತಾವೇ ಶವರ್ ತಿರುಗಿಸಿದರು. ಐದು ನಿಮಿಷ. ಒಂದು ಹನಿಯೂ ಒಳಗೆ ಬರಲಿಲ್ಲ!

ಸಂತೋಷಕ್ಕೆ ನಾನು ಅವರನ್ನು ಅಪ್ಪಿಕೊಂಡೆ. ಪಾಪ, ಅವರೊಬ್ಬರೇ ಪೂರ್ತಿ ತೊಯ್ದರು.

ಸಂಜೆ ಧಾರವಾಡದ ತಮ್ಮ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಎಲ್ಲಾ ಆರಾಮ ಇದ್ದೀವಿ. ಏನಿಲ್ಲ, ಇವತ್ತ ಸೊಸಿ ಗಾಡಿ ಇಲ್ಲದ ಬಚ್ಚಲದಾಗ ಒಂದ್ ರೌಂಡ ಹೋಗಿ ಬಂದಳು."

ಬೋಟಿನವರು ಬಂದರು

ಸಿಂಹಗಡ ರಸ್ತೆಯಲ್ಲಿ ನದಿಯ ಹತ್ತಿರ ಒಂದು ಹಳೆಯ ಸೊಸೈಟಿ, ಅಂದರೆ ಫ್ಲ್ಯಾಟುಗಳ ಕಟ್ಟಡ. ಮೊದಲನೆಯ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಅಜ್ಜ ಮತ್ತು ಅಜ್ಜಿ. ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಆಪರೇಷನ್ ಆಗಿತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದ್ದರು, "ಇವರು ಈಗ ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ." ಆದರೆ ಅಜ್ಜನಿಗೆ ಬಿದ್ದ ಹೆದರಿಕೆ ಹೋಗಿರಲಿಲ್ಲ. ಮೂರು ವಾರ ನಾನು ಹೋದಾಗಲೆಲ್ಲ ಒಂದೊಂದು ನೆವ. ಇವತ್ತು ಅಮಾವಾಸ್ಯೆ. ಇವತ್ತು ಊಟ ಜಾಸ್ತಿ ಆತು. ಇವತ್ತು ಕಾಲು ಸಿಟ್ಟಾಗೇದ. ವಾಕರ್ ಮಂಚದ ಪಕ್ಕ ನಿಂತು ಟವೆಲು ಒಣಗಿಸುವ ಕೆಲಸಕ್ಕೆ ಬರುತ್ತಿತ್ತು. ಅಜ್ಜಿ ಅವರನ್ನು ಎತ್ತಿ ಕೂರಿಸಿ, ಮಲಗಿಸಿ ಬಡಕಲಾಗಿದ್ದರು. "ಒಂದ್ ಹೆಜ್ಜಿ ಇಟ್ಟರ ಸಾಕಾಗೇದ ನೋಡವಾ," ಅಂತ ನನ್ನ ಹತ್ತಿರ ಕಣ್ಣೊರೆಸಿಕೊಂಡಿದ್ದರು.

ಆವತ್ತು ಬೆಳಗ್ಗೆಯಿಂದ ಮಳೆ ನಿಂತೇ ಇರಲಿಲ್ಲ. ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ನೆರೆ ಬಂದರೆ ಜನರನ್ನು ಹೊರತರಲು ಕಿತ್ತಳೆ ಬಟ್ಟೆಯ ಬೋಟಿನವರು ಬರುತ್ತಾರೆ ಅಂತ ಸುದ್ದಿ ಇತ್ತು. ನದಿ ದಂಡೆಯವರು ಎಚ್ಚರದಿಂದ ಇರಬೇಕು ಅಂತ ಗಾಡಿಯೊಂದು ಮೈಕಿನಲ್ಲಿ ಕೂಗುತ್ತ ತಿರುಗುತ್ತಿತ್ತು. ಒಂಬತ್ತಕ್ಕೆ ಅಜ್ಜನ ಫೋನು. ದನಿಯಲ್ಲಿ ಸಂಭ್ರಮ. "ಡಾಕ್ಟರ್ ಬಾಯಾರ, ಭಾಳ ಮಳಿ ಅದರಿ. ಇವತ್ತ ನೀವು ಬರಬ್ಯಾಡ್ರಿ. ನಿಮ್ಮ ಜೀವಾನೂ ಜೀವನ."

"ಅಜ್ಜಾರ, ನಾ ಬಂದೇ ಬರ್ತೀನಿ. ವಾಕರ್ ಮ್ಯಾಲಿನ ಟವಲ್ ತೆಗದು ಇಡ್ರಿ," ಅಂದೆ. ಆ ಕಡೆಯಿಂದ ದೊಡ್ಡ ನಿಟ್ಟುಸಿರು.

ಮೇಲಿಂದ ಕೆಳಗೆ ಕಿತ್ತಳೆ ಸೂಟು ತೊಟ್ಟು ಹೊರಟೆ. ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು, ಆದರೆ ಒಳಗೆ ನಾನು ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ ಬೆಚ್ಚಗಿದ್ದೆ. ಸೊಸೈಟಿಯ ಗೇಟಿಗೆ ಬಂದರೆ ವಾಚ್‌ಮನ್ ನನ್ನನ್ನು ನೋಡಿದವನೇ ಸೆಟೆದು ನಿಂತು ಸಲಾಮು ಹೊಡೆದ. ದಿನಾ ನನ್ನ ಹೆಸರು ಬರೆಸಿಕೊಳ್ಳದೆ ಒಳಗೆ ಬಿಡದವನು ಎರಡೂ ಗೇಟು ತೆರೆದ. "ಸಾಹೇಬ, ಬೋಟು ಹಿಂದೆ ಬರುತ್ತಿದೆಯೇ?" ಅಂತ ಹಿಂದಿಯಲ್ಲಿ ಕೇಳಿದ.

ಹೆಲ್ಮೆಟ್ಟಿನ ಗಾಜು ಮುಚ್ಚಿತ್ತು, ಮಳೆಯ ಸದ್ದು ಬೇರೆ. ನನಗೆ ಕೇಳಿಸಿದ್ದು 'ಬರುತ್ತಿದೆಯೇ' ಅಷ್ಟೇ. ಮಳೆಯ ಬಗ್ಗೆ ಕೇಳುತ್ತಿದ್ದಾನೆ ಅಂದುಕೊಂಡು, "ಹ್ಞೂಂ, ಜೋರು ಬರುತ್ತಿದೆ," ಅಂತ ಕೈ ಮಾಡಿದೆ.

ಅವನು ಸೀಟಿ ಊದುತ್ತ ಓಡಿದ.

ನನಗೇನು ಗೊತ್ತು? ನಾನು ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ. ಅಜ್ಜಿ ಬಾಗಿಲು ತೆರೆದು, ತಲೆಯಿಂದ ಕಾಲವರೆಗೆ ಕಿತ್ತಳೆಯಾಗಿ ಹೊಳೆಯುವ ಪಟ್ಟಿಗಳೊಂದಿಗೆ ನೀರು ಸುರಿಸುತ್ತ ನಿಂತ ನನ್ನನ್ನು ನೋಡಿ, ಒಳಗೆ ತಿರುಗಿ ಕಿರುಚಿದರು: "ರೀ! ಬೋಟಿನವರು ಬಂದ್ರು! ನದಿ ಬಂತ್ರೀ!"

ನಾನು ಗಾಜು ಎತ್ತಲು ನೋಡಿದೆ. ಒದ್ದೆ ಗ್ಲೌಸಿಗೆ ಅದು ಜಾರಿತು. ಒಳಗಿನಿಂದಲೇ, "ವಾಕರ್! ವಾಕರ್!" ಅಂತ ಕೂಗಿದೆ, ಅಜ್ಜ ಗಾಬರಿಯಲ್ಲಿ ಹಾಗೇ ಎದ್ದಾರು ಅಂತ. ಹೆಲ್ಮೆಟ್ಟಿನ ಒಳಗಿಂದ ಅದು ಹೊರಗೆ ಹೇಗೆ ಕೇಳಿಸಿತೆಂದರೆ, "ಹೊರಗ! ಹೊರಗ!"

ಅಜ್ಜ ಎದ್ದರು. ನಾನು ಮೂರು ವಾರ ಬೇಡಿಕೊಂಡರೂ ಏಳದ ಅಜ್ಜ, ಒಂದು ಕೈಯಲ್ಲಿ ಪೆನ್ಶನ್ ಫೈಲು, ಇನ್ನೊಂದರಲ್ಲಿ ದೇವರ ಮನೆಯ ಸಣ್ಣ ಗಣಪತಿ ಹಿಡಿದು ನಡುಮನೆಗೆ ಬಂದರು. ಹಿಂದಿನಿಂದ ಅಜ್ಜಿ ವಾಕರನ್ನು ಎತ್ತಿ ಹಿಡಿದು, "ರೀ, ವಾಕರ್! ಅದನ್ನ ಹಿಡೀರೀ!" ಎನ್ನುತ್ತ ಬೆನ್ನಟ್ಟಿದ್ದರು. ಬಿದ್ದರೆ ಮತ್ತೆ ಆಪರೇಷನ್. ಓಡಿ ಹೋಗಿ ಅವರ ತೋಳು ಹಿಡಿದುಕೊಂಡೆ. ಅವರು ನನ್ನನ್ನು ಆಸರೆ ಮಾಡಿಕೊಳ್ಳುವ ಬದಲು ನನ್ನನ್ನೇ ಎಳೆದುಕೊಂಡು ಬಾಗಿಲು ದಾಟಿ, ಮೆಟ್ಟಿಲ ಕಟಾಂಜನದವರೆಗೆ ನಡೆದರು. ನಾನು ಮನಸ್ಸಿನಲ್ಲೇ ಎಣಿಸಿದೆ: ಹತ್ತೊಂಬತ್ತು ಹೆಜ್ಜೆ.

ಅಲ್ಲಿ ಹಲ್ಲಿನಿಂದ ಗ್ಲೌಸು ಕಿತ್ತು ಗಾಜು ಎತ್ತಿದೆ. "ಅಜ್ಜಾರ, ನಾನ್ರೀ!"

ಅಜ್ಜ ನನ್ನ ಮುಖ ನೋಡಿದರು. ಕೆಳಗೆ ನೋಡಿದರು, ನೀರಿಲ್ಲ. ಹಿಂದೆ ತಿರುಗಿ ತಾವು ನಡೆದು ಬಂದ ದೂರ ನೋಡಿದರು. ತಕ್ಷಣ ನೆನಪಾಗಿ, "ಅಯ್ಯಯ್ಯೋ, ನನ್ನ ಕಾಲು!" ಅಂತ ಅಜ್ಜಿ ತಂದ ವಾಕರನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆದರೆ ತಡವಾಗಿತ್ತು. ಮೇಲಿನ ಮಹಡಿಯವರೆಲ್ಲ ಗಂಟು ಹೊತ್ತು ಇಳಿದು ಬಂದು ಸಾಕ್ಷಿಯಾಗಿದ್ದರು. ನಾನು ಅವರೆಲ್ಲರ ಕ್ಷಮೆ ಕೇಳಿ, ವಾಚ್‌ಮನ್‌ನನ್ನು ಕರೆದು ಸೀಟಿ ನಿಲ್ಲಿಸಿದೆ. ನೀರು ಸೊಸೈಟಿಯೊಳಗೆ ಬರಲೇ ಇಲ್ಲ. ಅಜ್ಜಿ ಮಾತ್ರ ಮೆಟ್ಟಿಲ ಮೇಲೆ ಕೂತು ಅಳುತ್ತಲೂ ನಗುತ್ತಲೂ ಇದ್ದರು.

ನಡೆಯಬಲ್ಲೆನೆಂದು ಒಮ್ಮೆ ಗೊತ್ತಾದ ಮೇಲೆ ಅಜ್ಜನಿಗೆ ನೆವ ಸಿಗಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಕೋಲು ಹಿಡಿದು ಸೊಸೈಟಿಯ ಮಂಟಪದವರೆಗೆ ಹೋಗಿ ಆರತಿ ಮಾಡಿ ಬಂದರು. ನನ್ನ ಕೆಲಸ ಮುಗಿಯಿತು.

ಅಕ್ಟೋಬರಿನಲ್ಲಿ, ಟಾರು ಕರಗುವಂಥ ಬಿಸಿಲಿನ ಒಂದು ಮಧ್ಯಾಹ್ನ, ಅಜ್ಜಿಯ ಫೋನು ಬಂತು. ಪಕ್ಕದಲ್ಲಿ ಯಾರಿಗೂ ಕೇಳಿಸದ ಹಾಗೆ ಪಿಸುಗುಡುತ್ತಿದ್ದರು.

"ಬಾಯಾರ, ಎರಡು ದಿನ ಆತು, ನಮ್ಮವರು ಮತ್ತ ಹಾಸಿಗಿ ಹಿಡಕೊಂಡು ಕೂತಾರ್ರಿ. ಭಾಳ ಬಿಸಲ ಅದ, ಗೊತ್ತದ ನನಗ. ಆದ್ರೂ ಅದನ್ನ ಹಾಕ್ಕೊಂಡ ಬಂದು ಒಮ್ಮೆ ಬೆಲ್ ಹೊಡದು ಹೋಗ್ರಿ. ನೀರು ಬೇಕಂದ್ರ ನಾನ ಒಂದ್ ಕೊಡ ಸುರೀತೀನಿ."